ಮೂರನೆಯ ಸಾಲಿನ ತಿರುವು

ಅಣ್ಣ ಸಾಯಲಿಕ್ಕೆಂದೇ ಊರಿಗೆ ಬಂದಿದ್ದಾನೆ ಎಂಬುದೂ, ಅವನ ತಲೆದೆಸೆಯಲ್ಲಿ ಕೂತು ಹೇಳಬೇಕಾದ ಹಾಡಿನ ಧಾಟಿ ತನಗೆ ಮರೆತಿದೆ ಎಂಬುದೂ ಯುಫ್ರಾಜಿಯಾಳಿಗೆ ಒಂದೇ ಬೆಳಗ್ಗೆ, ಬಟ್ಟೆಯಲ್ಲಿ ಕಾಫಿ ಸೋಸುತ್ತ ನಿಂತಿದ್ದಾಗ, ಒಂದರ ಬೆನ್ನಿಗೊಂದು ತಿಳಿದವು.

ಮೊದಲನೆಯದನ್ನು ಅಣ್ಣನ ಮಗಳು ಜುಸ್ಸಾರಾ ಫೋನಿನಲ್ಲಿ ಹೇಳಿಯೇ ಇದ್ದಳು. "ಅಪ್ಪನ ಶ್ವಾಸಕೋಶ ಮುಗೀತಂತೆ ಅತ್ತೆ. ಹುಟ್ಟಿದ ಮನೆಗೇ ಹೋಗ್ಬೇಕು ಅಂತ ಹಟ ಹಿಡಿದು ಕೂತಿದಾರೆ." ಆದರೆ ಕೇಳುವುದು ಬೇರೆ, ಎತ್ತುವುದು ಬೇರೆ. ಹಿಂದಿನ ಸಂಜೆ ಕಾರಿನಿಂದ ಅವನನ್ನು ಅವಳೂ ಜುಸ್ಸಾರಾಳೂ ಎತ್ತಿ ತಂದು ನಡುಮನೆಯ ನೂಲಿನ ಜೋಲಿಯಲ್ಲಿ ಮಲಗಿಸಿದರು. ಎದೆಗೆ ಅಕಾರ್ಡಿಯನ್ ಕಟ್ಟಿಕೊಂಡು ಬೆಳಗಿನ ತನಕ ಕುಣಿಸುತ್ತಿದ್ದ ಜೆನೇಸಿಯೊ ಒಣಗಿಸಿದ ಚರ್ಮದಷ್ಟು ಹಗುರಾಗಿದ್ದ. ಜೋಲಿ ಬಾಗಲೇ ಇಲ್ಲ.

ಕಾಫಿ ಸೋಸುವಾಗ ಅವಳು ತನ್ನಷ್ಟಕ್ಕೆ ಅವ್ವನ ಧಾಟಿಯನ್ನು ಮನಸ್ಸಿನೊಳಗೆ ಎತ್ತಿಕೊಂಡಳು. ತುಟಿ ಅಲುಗಿಸಲಿಲ್ಲ, ಅದಕ್ಕೆ ಅಪ್ಪಣೆಯಿಲ್ಲ. ಮೊದಲ ಸಾಲು ಬಂತು. ಎರಡನೆಯದೂ ಬಂತು. ಮೂರನೆಯ ಸಾಲಿಗೆ ಕಾಲಿಟ್ಟದ್ದೇ ತಡ, ಎಲ್ಲಿಂದಲೋ ಅಕಾರ್ಡಿಯನ್ ನುಗ್ಗಿ, ಹಿಂದೆಯೇ ಡೋಲು, ಕಬ್ಬಿಣದ ತ್ರಿಕೋನ ತಾಳ ನುಗ್ಗಿ, ಅವ್ವ ಇದ್ದಲ್ಲಿ ಕುಣಿತದ ಅಂಗಳವೇ ಬಂದು ಕೂತಿತು. ಅವಳು ಮತ್ತೆ ಮೊದಲಿಂದ ಎತ್ತಿಕೊಂಡಳು. ಮತ್ತೆ ಅದೇ. ಕಾಫಿ ತುಂಬಿ ಲೋಟದಾಚೆ ಹರಿದದ್ದು ಕೈ ಸುಟ್ಟಾಗ ತಿಳಿಯಿತು.

ಬ್ರೆಜಿಲಿನ ಪಜೆಯು ಹೊಳೆಯ ದಂಡೆಯ ಪೊಸೊ ದಾ ಪೆದ್ರಾದಲ್ಲಿ ನಲವತ್ತು ವರ್ಷಗಳಿಂದ ಯುಫ್ರಾಜಿಯಾ ತಲೆದೆಸೆಯಲ್ಲಿ ಕೂರದೆ ಯಾರೂ ನೆಮ್ಮದಿಯಾಗಿ ಹೋದವರಲ್ಲ. ಸಾಯುವವರಿಗೆ ಹೇಳುವ ಹಾಡಿಗೆ ಅಲ್ಲಿ ಇನ್ಸೆಲೆನ್ಸಾ ಎನ್ನುತ್ತಾರೆ. ಮನೆಮಂದಿ ಮಾತಿನಲ್ಲಿ ಹನ್ನೆರಡರ ಹಾಡು. ಒಂದೇ ಪದ್ಯವನ್ನು ಒಂದನೆಯ ಕರೆ, ಎರಡನೆಯ ಕರೆ ಎಂದು ಎಣಿಸುತ್ತ ಹನ್ನೆರಡು ಸಲ ಹೇಳಬೇಕು. ಅದಕ್ಕೆ ಎರಡು ಕಟ್ಟಳೆ. ಎತ್ತಿಕೊಂಡ ಮೇಲೆ ಮನೆಗೆ ಬೆಂಕಿ ಬಿದ್ದರೂ ಹನ್ನೆರಡು ಮುಗಿಯದೆ ನಿಲ್ಲಿಸಕೂಡದು. ನಿಲ್ಲಿಸಿದರೆ ಹೋಗುವ ಜೀವ ಹೊಸಿಲ ಮೇಲೇ ಉಳಿಯುತ್ತದೆ. ಸಾಯುವವರಿಲ್ಲದ ಮನೆಯಲ್ಲಿ ಅದನ್ನು ಗುನುಗಲೂ ಕೂಡದು. ಗುನುಗಿದರೆ ಇರುವವರಲ್ಲೊಬ್ಬರನ್ನು ಕರೆದಂತೆ. ಹಾಗಾಗಿ ಆ ಹಾಡನ್ನು ಯಾರೂ ಕೂತು ಕಲಿತದ್ದಿಲ್ಲ, ಕಲಿಸಿದ್ದೂ ಇಲ್ಲ. ಸಾವಿನ ಮನೆಯಲ್ಲಿ ಕೇಳಿ ಕೇಳಿ ಮೈಗೆ ಹತ್ತಬೇಕು.

ಊರವರಿಗೆಲ್ಲ ಹೇಳಲು ಅವಳ ಬಳಿ ಒಂಬತ್ತು ಧಾಟಿಗಳಿದ್ದವು. ಹತ್ತನೆಯದು ಮನೆತನದ್ದು. ಅವ್ವ ಇಜೀದಿಯಾ ಅದನ್ನು ಹೊರಗಿನವರಿಗೆ ಎಂದೂ ಹೇಳಿದವಳಲ್ಲ. ತನ್ನ ತಾಯಿಗೆ ಹೇಳಿದಳು, ಗಂಡನಿಗೆ ಹೇಳಿದಳು, ಎಳೆಯದರಲ್ಲೇ ಹೋದ ಮೂರು ಕೂಸುಗಳಿಗೆ ಹೇಳಿದಳು. ಅವ್ವನಿಗೆ ಯುಫ್ರಾಜಿಯಾ ಹೇಳಿದಳು, ಅರ್ಧ ಶತಮಾನದ ಹಿಂದೆ, ಇಪ್ಪತ್ತರ ವಯಸ್ಸಿನಲ್ಲಿ. ಅಲ್ಲಿಂದೀಚೆಗೆ ಆ ಧಾಟಿಯನ್ನು ಯಾರೂ ಹೇಳಿಲ್ಲ, ಯಾರೂ ಕೇಳಿಲ್ಲ.

ಇಲ್ಲ, ಹಾಗೆನ್ನುವುದೂ ತಪ್ಪು. ಲೋಕವೆಲ್ಲ ಕೇಳಿದೆ.

ಅವ್ವ ಹೋಗುವ ಹಿಂದಿನ ವರ್ಷ ಜೆನೇಸಿಯೊ ರಿಯೊಗೆ ಹೋಗಿ ಅದೇ ಧಾಟಿಗೆ ಕಿಟಕಿಯಲ್ಲಿ ನಿಂತ ಹುಡುಗಿಯೊಬ್ಬಳ ಮೇಲೆ ಪದ ಕಟ್ಟಿ ಗ್ರಾಮೊಫೋನ್ ತಟ್ಟೆಗೆ ಹಾಡಿದ್ದ. 'ಸೊಲೆದಾದಿಯ ಕಿಟಕಿ' ಎಂದು ಅದರ ಹೆಸರು. ಆರು ತಿಂಗಳಲ್ಲಿ ಬ್ರೆಜಿಲಿನ ರೇಡಿಯೊದಲ್ಲಿ ಅದಿಲ್ಲದ ದಿನವಿರಲಿಲ್ಲ. ವರ್ಷ ತುಂಬುವುದರೊಳಗೆ ಅವ್ವ ಜ್ವರ ಹಿಡಿದು ಹೋದಳು. ಸಾಯುವವರ ಹಾಡನ್ನು ಕುಣಿಯುವವರ ಬಾಯಿಗೆ ಹಾಕಿದ, ಅದೂ ನಾಲ್ಕೇ ಪದ್ಯಕ್ಕೆ ನಿಲ್ಲಿಸಿದ, ಅದಕ್ಕೇ ಹೋದಳು. ಹೀಗೆಂದು ಯುಫ್ರಾಜಿಯಾ ಯಾರ ಮುಂದೆಯೂ ಬಾಯಿಬಿಟ್ಟು ಹೇಳಲಿಲ್ಲ. ಅಣ್ಣ ಬಂದಾಗ ಬಡಿಸುತ್ತಿದ್ದಳು, ಹಾಸಿ ಕೊಡುತ್ತಿದ್ದಳು, ಕಣ್ಣಿಟ್ಟು ನೋಡುತ್ತಿರಲಿಲ್ಲ.

"ಫ್ರಾಜಿಯಾ," ಜೋಲಿಯಿಂದ ಜೆನೇಸಿಯೊ ಕರೆದ. "ಕಾಫಿ ನೆಲಕ್ಕೆ ಕುಡಿಸಿದ್ದು ಸಾಕು, ನನಗೂ ಒಂದು ತೊಟ್ಟು ಕೊಡೆ."

ಅವಳು ಚಮಚದಲ್ಲಿ ತುಟಿಗೆ ಹಿಡಿದಳು. ಅವನು ಅರ್ಧ ನುಂಗಿ, ಅರ್ಧ ಗಲ್ಲಕ್ಕೆ ಇಳಿಸಿ, ಉಸಿರು ಕೂಡಿಸಿಕೊಂಡು ಹೇಳಿದ: "ನನಗೆ ಅವ್ವನದು ಹೇಳ್ಬೇಕು. ಆ ಒಂಬತ್ತರಲ್ಲಿ ಯಾವುದೋ ಒಂದನ್ನ ಸಾಗಹಾಕ್ಬೇಡ. ಕಿಟಕಿ ಹಾಡೂ ಬೇಡ. ಅದನ್ನ ಸಾವಿರಾರು ಸಲ ಕೇಳಿ ಕಿವಿ ಜಡ್ಡುಗಟ್ಟಿದೆ. ಅವ್ವನದು."

"ಹೇಳ್ತೀನಿ ಬಿಡಣ್ಣ."

"ನೀನು ಈ ಕಡೆ ನೋಡದೆ ಹೇಳ್ತಿದೀಯ ಅಂದ್ರೆ ಏನೋ ಇದೆ."

ಅವಳು ನೋಡಿದಳು. ಇದ್ದದ್ದನ್ನು ಹೇಳಿಬಿಟ್ಟಳು. "ಮೂರನೇ ಸಾಲು ಸಿಗ್ತಿಲ್ಲ. ಅಲ್ಲಿಗೆ ಬಂದ್ರೆ ನಿನ್ನ ರೇಡಿಯೊ ಅಡ್ಡ ಬರುತ್ತೆ. ಅವ್ವನ ಧ್ವನಿ ಅಲ್ಲಿ ಕೆಳಗಿಳೀತಿತ್ತೋ, ಮೇಲೆ ಹೋಗ್ತಿತ್ತೋ, ನನಗೆ... ನೀನಾದ್ರೂ ಹೇಳು. ನೀನು ತಾನೇ ತಗೊಂಡು ಹೋದೋನು."

ಹೊರಗೆ ಆಡಿನ ಗಂಟೆ. ಸಾಂವ್ ಜೊವಾಂವ್ ಹಬ್ಬಕ್ಕೆ ಮನೆಮನೆಯ ಮುಂದೆ ಸೌದೆ ಒಟ್ಟಿತ್ತು. ಮೂಲೆಮನೆಯಲ್ಲಿ ಈಗಾಗಲೇ ಜೋಳ ಸುಡುವ ವಾಸನೆ.

"ನಾನು ಅಲ್ಲಿ ತಿರುಗಿಸಿದೆ ಕಣೆ," ಎಂದ ಜೆನೇಸಿಯೊ.

"ಏನು ತಿರುಗಿಸಿದೆ?"

"ಧಾಟೀನ. ಮೂರನೇ ಸಾಲಲ್ಲಿ. ರಿಯೊದಲ್ಲಿ ಗಾಜಿನ ಕೋಣೇಲಿ ನಿಲ್ಲಿಸಿ ಹಾಡು ಅಂದ್ರು. ಬಾಯಿ ತೆಗೆದೆ. ಇದ್ದ ಹಾಗೇ ಹಾಡಿದ್ರೆ ಕರೆದ ಹಾಗಾಗುತ್ತೆ, ಊರಲ್ಲಿ ಅವ್ವ ಇದಾಳೆ ಅನ್ನಿಸ್ತು. ಅದಕ್ಕೆ ಒಂದು ಕಡೆ ತಿರುಗಿಸಿದೆ, ಇದು ಅದಲ್ಲ ಅನ್ನೋ ಹಾಗೆ. ನಾಲ್ಕಕ್ಕೇ ನಿಲ್ಲಿಸಿದ್ದೂ ಅದಕ್ಕೇ. ಹನ್ನೆರಡಕ್ಕೆ ಹೋಗದಿದ್ರೆ ಅದು ಅದೇ ಅಲ್ಲ, ಅಲ್ವಾ?"

ಯುಫ್ರಾಜಿಯಾ ಚಮಚ ಹಿಡಿದೇ ನಿಂತಿದ್ದಳು. ಯಾವುದನ್ನು ಇಷ್ಟು ವರ್ಷ ಅವನ ಮೇಲೆ ಹೊರಿಸಿ ಸುಮ್ಮನಿದ್ದಳೋ ಅದು ಈಗ ಯಾವ ಕಡೆಯಿಂದ ಹಿಡಿದರೂ ಕೈಗೆ ಬೇರೆಯಾಗಿಯೇ ಸಿಗುತ್ತಿತ್ತು. ಹೆದರಿ ತಿರುಗಿಸಿದ. ತಿರುಗಿಸಿದರೂ ಅವ್ವ ಹೋದಳು. ಹಾಗಾದರೆ ಹಾಡಿನಿಂದ ಹೋದಳೋ, ಜ್ವರದಿಂದಲೋ?

"ಮೊದಲು ಹೇಗಿತ್ತು ಮತ್ತೆ? ತಿರುಗಿಸೋಕೆ ಮೊದಲು?"

"ಅದೇ ಕಣೆ," ಜೆನೇಸಿಯೊ ನಕ್ಕ, ನಗು ಕೆಮ್ಮಾಯಿತು. "ಅಷ್ಟು ಸಲ ತಿರುಗಿಸಿಯೇ ಹಾಡಿ ಹಾಡಿ ಈಗ ನನಗೂ ಗೊತ್ತಿಲ್ಲ. ಕೇಳಿದ್ರೆ ಗೊತ್ತಾಗುತ್ತೆ. ಹೇಳು ಅಂದ್ರೆ ಬರಲ್ಲ."

ಮುಸುರೆ ತೊಳೆಯುತ್ತಿದ್ದ ಜುಸ್ಸಾರಾ ಕೈ ಒರೆಸಿಕೊಳ್ಳುತ್ತ ಬಂದಳು. ರೆಸಿಫೆಯ ಹಲ್ಲಿನ ಡಾಕ್ಟರೊಬ್ಬರ ಬಳಿ ಕೆಲಸಕ್ಕಿದ್ದವಳು, ನಲವತ್ತೈದು ದಾಟಿತ್ತು. ಅಪ್ಪನ ಹಾಡು ಯಾವ ದೇಶದಲ್ಲಿ ಯಾರು ಹಾಡಿದರೂ ಫೋನಿನಲ್ಲಿ ಕೂಡಿಟ್ಟುಕೊಳ್ಳುವುದು ಅವಳ ಚಟ. "ಸಿಗ್ತಿಲ್ಲ ಅಂದ್ರೆ ಹುಡುಕೋಣ ಅತ್ತೆ. ಹನ್ನೊಂದು ಭಾಷೇಲಿ ಹಾಡಿದಾರೆ. ಒಬ್ಬೊಬ್ಬರು ಒಂದೊಂದು ಥರ. ಯಾರೋ ಒಬ್ಬರು ತಿರುಗಿಸಿದ್ದನ್ನ ವಾಪಸ್ ತಿರುಗಿಸಿರಬಹುದಲ್ಲ?"

"ಅವ್ವನ್ನ ಕಾಣದೋರಿಗೆ ಅವ್ವನ ಧಾಟಿ ಹೇಗೆ ಗೊತ್ತಾಗುತ್ತೆ ಮಗಳೇ?"

"ಗೊತ್ತಾಗಲ್ಲ. ಆಕಸ್ಮಿಕವಾಗಿ ಆಗಬಹುದು."

ಯುಫ್ರಾಜಿಯಾ ತಾನೇ ಹಾಡಿ ನೋಡುವಂತಿರಲಿಲ್ಲ. ಅಣ್ಣ ಇನ್ನೂ ಕಾಫಿ ಕೇಳುತ್ತಿದ್ದಾನೆ. ಈಗ ಎತ್ತಿಕೊಂಡರೆ ಹೊಸಿಲಿಂದಾಚೆ ನೂಕಿದಂತೆ. ಎತ್ತಿಕೊಂಡ ಮೇಲೆ ನಡುವೆ ನಿಲ್ಲಿಸಿ, ತಡಿ, ಇದಲ್ಲ, ಇನ್ನೊಂದು ಸಲ ಎನ್ನುವಂತೆಯೂ ಇಲ್ಲ. ಬೇರೆಯವರ ಬಾಯಿಂದ ಕೇಳಬಹುದಷ್ಟೆ. ಕೇಳುವುದು ಹಾಡಿದಂತಲ್ಲ.

ಹೀಗಾಗಿ ಮೂರು ದಿನ ಆ ನಡುಮನೆಯಲ್ಲಿ ಲೋಕದ ಜನರೆಲ್ಲ ಬಂದು ಹಾಡಿದರು. ಒಲೆಯ ಮೇಲೆ ಜೋಳದ ಕುಸ್ಕುಸ್ ಹಬೆಯಾಡುತ್ತಿದ್ದಾಗ ಫ್ರಾನ್ಸಿನವಳೊಬ್ಬಳು ಹಾಡಿದಳು. ಹಾಡಿದಳೆನ್ನುವುದಕ್ಕಿಂತ ಪಕ್ಕದಲ್ಲಿ ಕೂತು ಚಾಡಿ ಹೇಳಿದಂತಿತ್ತು. ಮೂರನೆಯ ಸಾಲನ್ನು ಏರಿಳಿತವಿಲ್ಲದೆ ನೇರ ನಡೆಸಿಕೊಂಡು ಹೋದಳು. ಇಟಲಿಯವನು ಅಲ್ಲಿಗೆ ಬಂದಾಗ ಪದ ಬಿಟ್ಟು ಸಿಳ್ಳೆ ಹೊಡೆದ. ಕ್ಯೂಬಾದವರು ತುತ್ತೂರಿ ಊದಿದರು. ಜೆನೇಸಿಯೊ ಜೋಲಿಯಲ್ಲೇ ಹೆಬ್ಬೆರಳು ಕುಣಿಸಿ, "ಇವರು ಸತ್ತೋರನ್ನೂ ಎಬ್ಬಿಸ್ತಾರೆ, ನನಗೆ ಈಗ ಬೇಡ" ಎಂದ.

ಫಿನ್‌ಲ್ಯಾಂಡಿನ ಹೆಂಗಸರ ಮೇಳವೊಂದು ಬಂತು. ವಾದ್ಯವಿಲ್ಲ, ಕುಣಿತವಿಲ್ಲ. ಇಗರ್ಜಿಯೊಳಗೆ ನಿಂತು, ಪ್ರತಿ ಸಾಲಿಗೂ ಉಸಿರು ಕೂಡಿಸಿಕೊಂಡು, ನಿಧಾನ. ಮೂರನೆಯ ಸಾಲಿನಲ್ಲಿ ಅವರ ಧ್ವನಿ ಬಾವಿಗೆ ಇಳಿಯುವವರಂತೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯಿತು. ಯುಫ್ರಾಜಿಯಾಳ ಮೈ ಜುಮ್ಮೆಂದಿತು. ಕೈ ತಾನಾಗಿ ಎದೆಯ ಮೇಲೆ ಶಿಲುಬೆ ಬರೆಯಿತು.

"ಇದೇ! ಇದು ಅವ್ವ!"

"ನಿಜವಾಗ್ಲೂ? ಕೆಳಗೆ ಏನು ಬರೆದಿದಾರೆ ನೋಡಿ," ಜುಸ್ಸಾರಾ ಫೋನು ಓದಿದಳು. "'ನಮ್ಮ ನಾಡಿನ ಹಳೆಯ ಕ್ರಿಸ್‌ಮಸ್ ಹಾಡು' ಅಂತೆ. ಅಪ್ಪ, ನಿಮ್ಮ ಹಾಡು ಅವರಜ್ಜಿದಂತೆ!"

"ಇರಬಹುದು. ನಮ್ಮಜ್ಜೀದನ್ನ ನಾನು ನಂದು ಅನ್ಲಿಲ್ವಾ," ಎಂದ ಜೆನೇಸಿಯೊ.

ಪಕ್ಕದ ಮನೆಯ ಕೊತಿನ್ಯಾ ಅದೇ ಹೊತ್ತಿಗೆ ಮೊಸರು ಹಿಡಿದು ಬಂದಳು. ಅವಳ ಹಿರಿಮಗ ಯುಫ್ರಾಜಿಯಾಳ ಜ್ಞಾನಸ್ನಾನದ ಮಗ. ಹಾಗಾಗಿ ಇಬ್ಬರೂ ಒಬ್ಬರಿಗೊಬ್ಬರು ಕೊಮಾದ್ರಿ. ಅವ್ವ ಹೋದಾಗ ಯುಫ್ರಾಜಿಯಾಳ ಹಾಡಿಗೆ ಸೊಲ್ಲು ಸೇರಿಸಿದವಳೂ ಇವಳೇ. ಯುಫ್ರಾಜಿಯಾ ಅವಳನ್ನು ಕೂರಿಸಿ ಫಿನ್‌ಲ್ಯಾಂಡಿನವರನ್ನು ಕೇಳಿಸಿದಳು.

"ಹೂಂ, ಚೆನ್ನಾಗಿ ಅಳ್ತಾರೆ," ಎಂದಳು ಕೊತಿನ್ಯಾ. "ಆದ್ರೆ ಇಜೀದಿಯಾ ಅವ್ವ ಹೀಗೆ ಇಳೀತಿರ್ಲಿಲ್ಲ ಕೊಮಾದ್ರಿ. ನಿಮ್ಮಪ್ಪ ಹೋದಾಗ ಕೇಳಿದ್ದೆ, ಅಲ್ಲಿ ಅವರ ಧ್ವನಿ ಗಕ್ಕನೆ ನಿಲ್ತಿತ್ತು. ಬಾಗಿಲು ತೆಗೆಯೋಕೆ ನಿಂತ ಹಾಗೆ."

"ನಿಲ್ತಿತ್ತಾ? ನನಗೆ ನೆನಪಿಲ್ವಲ್ಲ."

"ಅವರು ಹೋದಾಗ ನೀನು ಹಾಡ್ತಾನೇ ಅಳ್ತಿದ್ದೆ. ನಿಂತಿದ್ದು ನೀನೋ ಅವರೋ, ಈಗ ಕೇಳಿದ್ರೆ ನನಗೂ... ಅಯ್ಯೋ, ನನ್ನ ತಲೆ ಕೆಡಿಸಬೇಡ. ಮೊಸರು ಹುಳಿಯಾಗುತ್ತೆ, ಊಟಕ್ಕಿಡು."

ಜಪಾನಿನವನೊಬ್ಬ ಹಾಡಿದ್ದರಲ್ಲಿ ಆ ನಿಲುಗಡೆ ಇತ್ತು. ಸಣ್ಣದು, ಕಾಲಿಡಲೋ ಬೇಡವೋ ಎನ್ನುವಷ್ಟು. ಕೇಳಿದ ಕೂಡಲೇ ಯುಫ್ರಾಜಿಯಾಳಿಗೆ ಅದೂ ಅವ್ವನದೇ ಅನ್ನಿಸಿತು. ಅಲ್ಲಿಗೆ ಅವ್ವ ಇಳಿದೂ ಇಳಿದಳು, ನಿಂತೂ ನಿಂತಳು. ಸಂಜೆ ಕುಕ್ಕರಗಾಲಿನಲ್ಲಿ ಕೂತು ಬೀನ್ಸ್ ಕಾಳು ಆರಿಸುವಾಗ ಎರಡನ್ನೂ ಒಳಗೊಳಗೇ ಜೋಡಿಸಿ ನೋಡಿದಳು, ಇಳಿದು ನಿಲ್ಲುವುದು, ನಿಂತು ಇಳಿಯುವುದು. ಅಷ್ಟರಲ್ಲಿ ಹಬ್ಬದ ಧ್ವನಿವರ್ಧಕದ ಗಾಡಿ ಬೀದಿಯಲ್ಲಿ 'ಸೊಲೆದಾದಿಯ ಕಿಟಕಿ'ಯನ್ನೇ ಕೂಗಿಸುತ್ತ ಹಾದುಹೋಯಿತು. ಅಲ್ಲಿ ಮೂರನೆಯ ಸಾಲು ಪಟಾಕಿಯಂತೆ ಮೇಲಕ್ಕೆ ಹಾರಿತು, ಸೊಲೆದಾದಿ, ಓ ಸೊಲೆದಾದಿ ಎಂದು, ಬೀದಿಯ ಮಕ್ಕಳೆಲ್ಲ ಅದರೊಂದಿಗೆ ಹಾರಿದರು. ಅವಳು ಜೋಡಿಸಿದ್ದೆಲ್ಲ ಚೆದುರಿ ಬೀನ್ಸಿನೊಳಗೆ ಬೆರೆತುಹೋಯಿತು.

"ದೇವಮಾತೆಯೇ," ಎಂದು ಅವಳು ಬೇಡಿಕೊಂಡಳು, "ಒಂದು ಸಾಲು. ಒಂದೇ ಒಂದು ಸಾಲು ಕೊಡು."

ನಾಲ್ಕನೆಯ ದಿನ ಬೆಳಗ್ಗೆ ಜೆನೇಸಿಯೊ ಕಾಫಿ ಬೇಡವೆಂದ. ಪಾದ್ರಿಗಳು ಬಂದು ಕೊನೆಯ ಸಂಸ್ಕಾರದ ಎಣ್ಣೆ ಹಚ್ಚಿ ಹೋದರು. ಮಧ್ಯಾಹ್ನದ ಹೊತ್ತಿಗೆ ಉಗುರುಗಳು ನೀಲಿಗಟ್ಟಿದವು; ಎರಡು ಉಸಿರಿನ ನಡುವೆ ಜುಸ್ಸಾರಾ ಎದ್ದು ನೋಡುವಷ್ಟು ಹೊತ್ತು ಬೀಳತೊಡಗಿತು. ಕೊತಿನ್ಯಾ ಮೇಣದಬತ್ತಿ ಹಚ್ಚಿ ಅವನ ಬಲಗೈಗೆ ಕೊಟ್ಟು, ಬೆರಳುಗಳ ಮೇಲೆ ತನ್ನ ಕೈ ಒತ್ತಿ ಹಿಡಿದಳು.

"ಹೊತ್ತಾಯ್ತು ಕೊಮಾದ್ರಿ," ಎಂದಳು.

ಯುಫ್ರಾಜಿಯಾ ತಲೆದೆಸೆಯಲ್ಲಿ ಕೂತಳು. ಜೆನೇಸಿಯೊ ಕಣ್ಣು ತೆರೆಯಲಿಲ್ಲ, ಆದರೆ ಎಡಗೈಯ ತೋರುಬೆರಳನ್ನು ತುಸು ಎತ್ತಿ ಆಡಿಸಿದ. ಮೇಳದವರಿಗೆ ತಪ್ಪಿದಾಗ ತೋರಿಸುತ್ತಿದ್ದ ಬೆರಳದು. "ತಪ್ಪಿದ್ರೆ ಹೇಳ್ತೀನಿ," ಎಂದ. ಧ್ವನಿಯಿರಲಿಲ್ಲ, ತುಟಿಯಿಂದ ತಿಳಿಯಿತು. "ಹನ್ನೆರಡು ಸಲ ಉಂಟಲ್ಲ. ಹೆದರ್ಬೇಡ."

ಅವಳು ಎತ್ತಿಕೊಂಡಳು.

ಒಂದನೆಯ ಕರೆ ಬಂತು, ಮಾತೆ ಬಾಗಿಲಲ್ಲಿ,
ದೀಪವುಂಟು ಕೈಯಲ್ಲಿ, ಹೂವುಂಟು ಮಡಿಲಲ್ಲಿ;
ಬಾರೊ ಕಂದ ಬಾರೊ, ಹಾದಿ ದೂರವಿಲ್ಲ,
ನೀನಿಟ್ಟ ಹೆಜ್ಜೆಗೆ ಮುಳ್ಳು ತಾಗುವುದಿಲ್ಲ.

ಮೂರನೆಯ ಸಾಲಿಗೆ ಅವಳು ಮೆಟ್ಟಿಲು ಮೆಟ್ಟಿಲಾಗಿ ಇಳಿದಳು. ಬೆರಳು ಎದ್ದಿತು. ಅಲ್ಲ.

ಕೊತಿನ್ಯಾ ನಾಲ್ಕನೆಯ ಸಾಲಿನ ಸೊಲ್ಲು ಸೇರಿಸಿದಳು. ಎರಡನೆಯ ಕರೆಗೆ ಯುಫ್ರಾಜಿಯಾ ಗಕ್ಕನೆ ನಿಂತು ಆಮೇಲೆ ಮುಂದಿಟ್ಟಳು. ಬೆರಳು ಎದ್ದಿತು, ಒಂದಿಷ್ಟು ತಡವಾಗಿ. ಆ ತಡದಲ್ಲೇನೋ ಇದೆ ಅನ್ನಿಸಿತು, ಮೂರನೆಯ ಕರೆಗೆ ನಿಂತು ಇಳಿದಳು. ಅಲ್ಲ. ನಾಲ್ಕನೆಯ ಸಲ ಬಾಯಿ ತಪ್ಪಿ ರೇಡಿಯೊದ್ದೇ ಬಂದುಬಿಟ್ಟಿತು, ಸಾವಿನ ಮನೆಯಲ್ಲಿ ಧ್ವನಿ ಪಟಾಕಿಯಂತೆ ಸೂರಿಗೆ ಹಾರಿತು. ಜುಸ್ಸಾರಾ ಬಾಯಿ ಮುಚ್ಚಿಕೊಂಡಳು. ಜೆನೇಸಿಯೊನ ಕೆನ್ನೆ ನಗೆಯಿಂದಲೋ ನೋವಿನಿಂದಲೋ ಸೊಟ್ಟಗಾಯಿತು, ಬೆರಳು ಎರಡು ಸಲ ಎದ್ದಿತು. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ನಿಲ್ಲಿಸುವಂತಿಲ್ಲ. ಐದಕ್ಕೆ ನೇರ ನಡೆಸಿದಳು, ಫ್ರಾನ್ಸಿನವಳಂತೆ. ಅಲ್ಲ. ಆರಕ್ಕೆ ಏನು ಮಾಡಿದಳೋ, ಇಳಿದು ಏರಿದಳು, ಏರಿ ತಡವರಿಸಿದಳು. ಬೆರಳು ಸ್ವಲ್ಪ ಎದ್ದು, ಸಂದೇಹಪಟ್ಟು, ಮತ್ತೆ ಎದ್ದಿತು. ಹತ್ತಿರ ಬಂದಿದೆ ಎಂದಿತೋ, ಸೋತೆ ಎಂದಿತೋ ಅರ್ಥವಾಗಲಿಲ್ಲ.

ಏಳನೆಯ ಕರೆ ಎಂದು ಎತ್ತಿಕೊಳ್ಳುವಾಗ ಅವಳ ಬಳಿ ಕೊಡಲು ಏನೂ ಉಳಿದಿರಲಿಲ್ಲ. ದೀಪವುಂಟು ಕೈಯಲ್ಲಿ ಎನ್ನುವಷ್ಟರಲ್ಲಿ ಮೇಣ ಕರಗಿ ಅಣ್ಣನ ಹೆಬ್ಬೆರಳಿನ ಮೇಲೆ ಸುರಿಯಿತು. ಅಯ್ಯೋ ಸುಡುತ್ತದೆ ಎಂದು ಅವಳು ಬಾಗಿ, ಸೆರಗಿನಂಥ ತಲೆವಸ್ತ್ರದ ತುದಿಯಿಂದ ಒರೆಸಿದಳು, ಇನ್ನೂ ಅಂಟಿದ್ದನ್ನು ಉಗುರಿನಿಂದ ಬಿಡಿಸಿದಳು. ಅಷ್ಟರಲ್ಲಿ ಕೊತಿನ್ಯಾಳ ಸೊಲ್ಲು ಕೇಳಿಸಿತು. ಮೂರನೆಯ ಸಾಲು ಆಗಲೇ ಮುಗಿದಿತ್ತು. ಅದನ್ನು ತಾನೇ ಹಾಡಿದ್ದಳು. ಗಂಟಲಿಗೆ ಗೊತ್ತಿತ್ತು, ಅವಳಿಗಿರಲಿಲ್ಲ.

ಅವಳು ಬೆರಳು ನೋಡಿದಳು. ಎದ್ದಿರಲಿಲ್ಲ.

ಕಾದಳು, ಕಾಯಲು ಒಂದು ಉಸಿರಿನಷ್ಟೇ ಹೊತ್ತು. ಬೆರಳು ಜೋಲಿಯ ನೂಲಿನ ಮೇಲೆ ಹಾಗೇ ಮಲಗಿತ್ತು. ಮುಖದಲ್ಲಿ ಸೊಟ್ಟ ಇರಲಿಲ್ಲ, ನೋವಿರಲಿಲ್ಲ. ಹುಡುಕುತ್ತಿದ್ದ ವಸ್ತು ಸಿಕ್ಕವನ ಮುಖವೂ ಹಾಗಿರುತ್ತದೆ, ಉಸಿರು ನಿಂತವನ ಮುಖವೂ ಹಾಗಿರುತ್ತದೆ. ಬಿಸಿ ಮೇಣ ಬಿದ್ದಾಗ ಅವನು ಕೈ ಅದುರಿಸಲಿಲ್ಲವಲ್ಲ? ಹಾಗಾದರೆ ಸಾಲಿಗೆ ಮೊದಲೇ... ಆದರೆ ಬೆಳಗ್ಗಿನಿಂದಲೇ ಆ ಕೈ ಮರಗಟ್ಟಿತ್ತು. ಜುಸ್ಸಾರಾ "ಅಪ್ಪ" ಎಂದು ಅರ್ಧ ಎದ್ದಳು. ಕೊತಿನ್ಯಾ ಅವಳ ಹೆಗಲು ಒತ್ತಿ ಕೂರಿಸಿ, ಯುಫ್ರಾಜಿಯಾಳ ಕಡೆ ಕಣ್ಣಲ್ಲೇ ಸನ್ನೆ ಮಾಡಿದಳು. ಮುಂದೆ. ನಿಲ್ಲಿಸಬೇಡ.

ಎಂಟನೆಯ ಕರೆ ಬಂತು. ಅವಳು ಆ ಏಳನೆಯದನ್ನೇ ಮತ್ತೆ ಹೇಳಲು ಹೋದಳು. ಹೇಳಿದ್ದು ಅದೋ ಬೇರೆಯೋ ತಿಳಿಯಲಿಲ್ಲ. ಒಂಬತ್ತು ಎಂಟರಂತಿರಲಿಲ್ಲ. ಹತ್ತಕ್ಕೆ ಗಂಟಲು ಒಡೆಯಿತು. ಬೆರಳು ಏಳಲಿಲ್ಲ, ಏಳಲಿಲ್ಲ, ಯಾವುದಕ್ಕೂ ಏಳಲಿಲ್ಲ. ಹನ್ನೆರಡನೆಯದರ ಸೊಲ್ಲು ಮುಗಿಸಿ ಕೊತಿನ್ಯಾ ಮೇಣದಬತ್ತಿ ಬಿಡಿಸಿಕೊಂಡು ಊದಿದಳು.

ಜುಸ್ಸಾರಾ ಅತ್ತಳು, ಸಾಕಾಗುವಷ್ಟು. ಆಮೇಲೆ ಮೂಗು ಒರೆಸಿಕೊಂಡು ಕೇಳಿದಳು: "ಅಪ್ಪನಿಗೆ ಸಿಕ್ತಾ ಅತ್ತೆ? ಏಳನೇದು ಸರಿ ಇತ್ತು ಅಲ್ವಾ? ಬೆರಳು ಎತ್ತಲಿಲ್ಲ."

"ಏಳನೇದನ್ನ ನಾನು ಹೇಗೆ ಹೇಳ್ದೆ ಮಗಳೇ? ನೀನು ಇಲ್ಲೇ ಇದ್ದೆ. ಇಳಿದ್ನಾ? ನಿಂತ್ನಾ?"

"ನಾನು ಅಪ್ಪನ ಬೆರಳನ್ನೇ ನೋಡ್ತಿದ್ದೆ ಅತ್ತೆ. ಕಿವಿ ಕೊಡಲಿಲ್ಲ."

ಯುಫ್ರಾಜಿಯಾ ಕೊತಿನ್ಯಾಳ ಕಡೆ ತಿರುಗಿದಳು.

"ನನ್ನ ಕೇಳ್ಬೇಡ," ಎಂದಳು ಕೊತಿನ್ಯಾ, ಗಲ್ಲ ಕಟ್ಟಲು ಬಟ್ಟೆ ಹರಿಯುತ್ತ. "ನಾನು ಅವನ ಮೂಗಿನ ಹತ್ರ ನೋಡ್ತಿದ್ದೆ. ಉಸಿರು ಯಾವಾಗ ಹೋಯ್ತು ಅಂತ ಅದೂ ಸರಿಯಾಗಿ ಕಾಣಲಿಲ್ಲ. ಬಾ, ಆ ಕಡೆ ತುದಿ ಹಿಡ್ಕೊ."

ಯುಫ್ರಾಜಿಯಾ ಬಟ್ಟೆಯ ತುದಿ ಹಿಡಿದುಕೊಂಡಳು. ಅಣ್ಣನ ಗಲ್ಲ ಇನ್ನೂ ಬೆಚ್ಚಗಿತ್ತು. ಎಷ್ಟೋ ವರ್ಷಗಳ ಮೇಲೆ ಅವಳು ಅವನ ಮುಖವನ್ನು ಕಣ್ಣಿಟ್ಟು ನೋಡಿದಳು, ಉತ್ತರ ಅಲ್ಲೆಲ್ಲಾದರೂ ಉಳಿದಿದೆಯೇನೋ ಎಂಬಂತೆ, ಬಹಳ ಹೊತ್ತು; ಗಂಟು ಹಾಕಲು ಕೊತಿನ್ಯಾ ಎರಡು ಸಲ ಹೇಳಬೇಕಾಯಿತು.